ಹೀಚು ಕಿತ್ತರೆ ಗಿಡ ಶಾಪ ಹಾಕುತ್ತದೆಯೇ?

ಕುಷ್ಟಗಿ ಕಡೆಯ ಒಂದು ದಾಳಿಂಬೆ ತೋಟ. ಗೆಳೆಯ ಹೀಚುಗಾಯಿ ಕಿತ್ತು ಬುಟ್ಟಿಗೆ ಹಾಕುತ್ತಿದ್ದ. ಅವನ ಅಜ್ಜಿಗೆ ತಡೆಯಲಾಗಲಿಲ್ಲ. "ಹಿಡಿದ ಕಾಯಿ ಹರೀತಿಯಲ್ಲೋ ತಮ್ಮಾ, ಗಿಡ ಶಾಪ ಹಾಕ್ತೈತಿ" ಅಂದರು.

ಈ ಹೆದರಿಕೆಯಿಂದ ಆಗುವ ನಷ್ಟ ನೋಡಿದರೆ ನನಗೆ ಸಂಕಟವಾಗುತ್ತದೆ. ಮಾವಿನ ಮರವನ್ನೇ ನೋಡಿ. ನೂರು ಹೂವಿಗೆ ಒಂದು ಕಾಯಿಯೂ ಕೊನೆತನಕ ನಿಲ್ಲುವುದಿಲ್ಲ. ಸಾಕಲಾಗದ ಹೀಚನ್ನು ಮರವೇ ಉದುರಿಸುತ್ತದೆ. ನಾವು ಮಾತ್ರ ಯಾರದೋ ಕಣ್ಣು ಬಿತ್ತು ಅಂತ ಗೊಂಬೆ ಕಟ್ಟುತ್ತೇವೆ!

ಹಣ್ಣಿನ ಸಕ್ಕರೆ ಬರುವುದು ಎಲೆಯಿಂದ. ಎಲೆಗಳೇ ತುಂಗಭದ್ರಾ ಡ್ಯಾಮ್, ಕಾಯಿಗಳು ಹೊಲ ಅಂದುಕೊಳ್ಳಿ. ಎಡದಂಡೆ ಕಾಲುವೆಯಲ್ಲಿ ಮೇಲಿನವರೆಲ್ಲ ತೂಬು ತೆಗೆದರೆ ಮಾನ್ವಿ ಕಡೆಯ ಕೊನೆ ಹೊಲಕ್ಕೆ ನೀರು ಮುಟ್ಟುತ್ತದೆಯೇ? ಹತ್ತು ರೊಟ್ಟಿ ಬಡಿದ ಮನೆಯಲ್ಲಿ ಮೂವತ್ತು ಮಂದಿ ಉಣ್ಣಲು ಕೂತರೂ ಇದೇ ಕಥೆ.

ಚೆರ್ರಿ ಬೆಳೆಗಾರರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನಮ್ಮ ಬಿಸಿಲಿಗೆ ಚೆರ್ರಿ ಬರುವುದಿಲ್ಲ, ಅದಕ್ಕೆ ಕಾಶ್ಮೀರ, ಹಿಮಾಚಲದಂಥ ಚಳಿ ಬೇಕು. ಆದರೆ ಅದರ ಪಾಠ ಇಲ್ಲಿಗೂ ಸಲ್ಲುತ್ತದೆ. ಮಜಾರ್ಡ್ ಎಂಬ ಕಾಡು ಚೆರ್ರಿಯ ಬೇರಿಗೆ ಕಸಿ ಮಾಡಿದರೆ ಮರ ದೊಡ್ಡದಾಗುತ್ತದೆ, ಫಸಲು ತಡವಾಗುತ್ತದೆ. ಜರ್ಮನಿಯ ಗೀಸೆನ್‌ನಲ್ಲಿ ತಯಾರಾದ ಗಿಸೆಲಾ 5 ಬೇರಿನ ಮೇಲೆ ಮರ ಗಿಡ್ಡ, ಫಲ ಬೇಗ. ತೊಡಕು ಇರುವುದೂ ಇಲ್ಲೇ. ಗಿಡ್ಡ ಮರದಲ್ಲಿ ಎಲೆ ಕಡಿಮೆ, ಕಾಯಿ ಜಾಸ್ತಿ. ಹಾಗೇ ಬಿಟ್ಟರೆ ಹಣ್ಣು ಸಣ್ಣದಾಗಿ ಸಪ್ಪೆಯಾಗುತ್ತದೆ.

ಕೀಳುವ ಹೊತ್ತೂ ಮುಖ್ಯ. ಹೂ ಬಿಟ್ಟ ಮೊದಲ ಕೆಲವು ವಾರಗಳಲ್ಲಿ ಚೆರ್ರಿಯ ತಿರುಳಿನ ಕೋಶಗಳು ಒಂದು ಎರಡಾಗಿ ಹೆಚ್ಚುತ್ತವೆ. ಆಮೇಲೆ ಹೊಸ ಕೋಶ ಹುಟ್ಟುವುದಿಲ್ಲ, ಇದ್ದವೇ ಉಬ್ಬುತ್ತವೆ. ಮೊದಲು ಕಣಜ ಕಟ್ಟಿ ಆಮೇಲೆ ಜೋಳ ತುಂಬಿದ ಹಾಗೆ. ಕಣಜವೇ ಚಿಕ್ಕದಾದರೆ ಸುಗ್ಗಿಯಲ್ಲಿ ಎಷ್ಟು ಜೋಳ ಬಂದರೇನು? ಅದಕ್ಕೇ ಅಲ್ಲಿ ಚಳಿಗಾಲದಲ್ಲೇ ರೆಂಬೆ ಸವರಿ ಹೂಮೊಗ್ಗು ಕಡಿಮೆ ಮಾಡುತ್ತಾರೆ.

ಬೇರಿನ ಆಯ್ಕೆ ನಮಗೂ ಹೊಸದಲ್ಲ. ಉಪ್ಪು ನೆಲ, ನೀರಿನ ಕೊರತೆ ಇರುವಲ್ಲಿ ದ್ರಾಕ್ಷಿಯನ್ನು ಡಾಗ್ರಿಡ್ಜ್ ಎಂಬ ಇನ್ನೊಂದು ದ್ರಾಕ್ಷಿಯ ಬೇರಿಗೆ ಕಸಿ ಮಾಡುತ್ತಾರೆ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ಹಾಳು ಮಾಡಿತು. ಕೊನೆಗೆ ಉಳಿಸಿದ್ದು ಅಮೆರಿಕದ ಬೇರು. ಡಾಗ್ರಿಡ್ಜ್ ಕೂಡ ಆ ನಾಡಿನದೇ.

ದಾಳಿಂಬೆ ಹಾಗಲ್ಲ. ಗೂಟಿ ಕಟ್ಟಿದ, ಅಂದರೆ ತಾಯಿಗಿಡದ ರೆಂಬೆಯಲ್ಲೇ ಬೇರು ಬರಿಸಿ ಕತ್ತರಿಸಿ ನೆಟ್ಟ ಗಿಡ ತನ್ನ ಬೇರಿನ ಮೇಲೇ ನಿಲ್ಲುತ್ತದೆ. ಹಾಗಾಗಿ ಗೆಳೆಯನ ಕೈಯಲ್ಲಿ ಉಳಿದದ್ದು ಹೀಚು ಕೀಳುವ ಕೆಲಸ. ಒಂದಕ್ಕೊಂದು ಅಂಟಿದ ಜೋಡಿಗಾಯಿಯನ್ನು ಅಜ್ಜಿಗೆ ತೋರಿಸಿದ. ಕಾಯಿಕೊರಕ ಹುಳು ಅಡಗುವುದು ಇಂಥ ಸಂದಿಯಲ್ಲೇ. ಅಜ್ಜಿ ಎರಡನ್ನೂ ಮುಟ್ಟಿ ನೋಡಿದರು. "ಹಂಗಾದ್ರ ಸಣ್ಣದು ಹರಿ" ಅಂದರು.