ಹಳೇ ಕೋಡಿನ ವಿಚಿತ್ರ ಸಾಲುಗಳು

ಬೇರೆಯವರು ಬರೆದ ಕೋಡ್ ಕೈಗೆ ಬಂದರೆ ಬಹುತೇಕ ಪ್ರೋಗ್ರಾಮರ್‌ಗಳಿಗೆ ಅನಿಸುವುದು ಒಂದೇ: ಇದನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಬರೆದುಬಿಡೋಣ. ಯಾಕೆಂದರೆ ನಮಗೆ ಅರ್ಥವಾಗದ್ದೆಲ್ಲ ಗಲೀಜಾಗಿಯೇ ಕಾಣುತ್ತದೆ.

ನೆಟ್‌ಸ್ಕೇಪ್ ಮಾಡಿದ್ದೂ ಅದನ್ನೇ. 1998ರ ಮಾರ್ಚ್‌ನಲ್ಲಿ ಕಂಪನಿ ತನ್ನ ಬ್ರೌಸರ್‌ನ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಅದೇ ವರ್ಷ ಅದರ ಬಹುಭಾಗವನ್ನು ಬದಿಗಿಟ್ಟು ಗೆಕೋ ಎಂಬ ಹೊಸ ಎಂಜಿನ್ (ವೆಬ್ ಪುಟವನ್ನು ತೆರೆಯ ಮೇಲೆ ಮೂಡಿಸುವ ಭಾಗ) ಮೇಲೆ ಮತ್ತೆ ಕಟ್ಟಲು ಹೊರಟರು. 4ನೇ ಆವೃತ್ತಿ ಬಂದಿದ್ದು 1997ರಲ್ಲಿ. ಮುಂದಿನ ದೊಡ್ಡ ಆವೃತ್ತಿ ಬರುವಷ್ಟರಲ್ಲಿ 2000ದ ನವೆಂಬರ್ ಆಗಿತ್ತು, ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾರುಕಟ್ಟೆ ಹಿಡಿದಾಗಿತ್ತು. ಹೊಸ ಎಂಜಿನ್ ದಂಡವಾಗಲಿಲ್ಲ ಅನ್ನಿ, 2004ರ ಫೈರ್‌ಫಾಕ್ಸ್ ನಿಂತಿದ್ದು ಅದರ ಮೇಲೆಯೇ. ಆದರೆ ಅದರ ಫಲ ನೆಟ್‌ಸ್ಕೇಪ್‌ಗೆ ದಕ್ಕಲಿಲ್ಲ.

ಆಪಲ್ ಬೇರೆ ದಾರಿ ಹಿಡಿಯಿತು. ಕೆಡಿಇ ಎಂಬ ಓಪನ್ ಸೋರ್ಸ್ ಯೋಜನೆಯ ಕೆಎಚ್‌ಟಿಎಂಎಲ್ ಎಂಜಿನ್ ತೆಗೆದುಕೊಂಡು 2003ರಲ್ಲಿ ಸಫಾರಿ ತಂದಿತು. ಇದೂ ಸಲೀಸಾಗಿ ನಡೆಯಲಿಲ್ಲ. ಆಪಲ್ ಒಟ್ಟೊಟ್ಟಿಗೆ ಸುರಿದ ಬದಲಾವಣೆಗಳನ್ನು ಬಿಡಿಸಿ ಸೇರಿಸಿಕೊಳ್ಳುವುದರಲ್ಲಿ ಕೆಡಿಇಯವರು ಸುಸ್ತಾದರು. ಮೂಲ ತಂಡದ ಜೊತೆ ಹೊಂದಿಕೊಂಡು ಹೋಗುವುದು ಕೋಡ್ ತಿದ್ದುವುದಕ್ಕಿಂತ ಕಷ್ಟದ ಕೆಲಸ. ಆದರೂ ಅದೇ ಎಂಜಿನ್ ವೆಬ್‌ಕಿಟ್ ಆಗಿ ಬೆಳೆಯಿತು, 2013ರಲ್ಲಿ ಗೂಗಲ್ ಅದನ್ನು ಫೋರ್ಕ್ ಮಾಡಿ, ಅಂದರೆ ಅದರ ಪ್ರತಿ ತೆಗೆದು ಬೇರೆಯಾಗಿ ಬೆಳೆಸಿ, ತನ್ನ ಕ್ರೋಮ್ ಬ್ರೌಸರ್‌ಗೆ ಬ್ಲಿಂಕ್ ಎಂಬ ಎಂಜಿನ್ ಮಾಡಿಕೊಂಡಿತು.

ಕ್ರೋಮ್ ಒಂದು ವೆಬ್‌ಸೈಟ್‌ಗೆ ತನ್ನ ಪರಿಚಯ ಹೇಳಿಕೊಳ್ಳಲು ಕಳಿಸುವ ಸಾಲನ್ನು ಒಮ್ಮೆ ನೋಡಿ. ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕೋ, ಸಫಾರಿ, ಎಲ್ಲರ ಹೆಸರೂ ಇದೆ! ಸುಮ್ನೆ ತುಂಬಿದ್ದಲ್ಲ. ಹಿಂದೆ ಎಷ್ಟೋ ಸೈಟ್‌ಗಳು ಗೊತ್ತಿರುವ ಹೆಸರು ಕಂಡರೆ ಮಾತ್ರ ಸರಿಯಾದ ಪುಟ ಕಳಿಸುತ್ತಿದ್ದವು. ಹಾಗಾಗಿ ಹೊಸದಾಗಿ ಬಂದ ಪ್ರತಿ ಬ್ರೌಸರ್ ಹಳಬರ ಹೆಸರನ್ನೂ ಹೇಳಿಕೊಂಡಿತು. ಮೊದಲಿಂದ ಬರೆಯುವವರು ಇಂಥ ಸಾಲನ್ನೇ ಮೊದಲು ಅಳಿಸುವುದು, ಅಲ್ವಾ? ಆಮೇಲೆ ಬಗ್ ರಿಪೋರ್ಟ್ ಬಂದ ಹಾಗೆಲ್ಲ ಒಂದೊಂದನ್ನೇ ವಾಪಸ್ ಸೇರಿಸುತ್ತಾರೆ.

ಹಾಗಂತ ಹೊಸದು ಬರೆಯಲೇಬಾರದು ಅಂತಲ್ಲ. ತೊಂದರೆ ಇರುವುದು ಸಾಲುಗಳಲ್ಲೋ ಬುಡದಲ್ಲೋ ಅಂತ ನೋಡಬೇಕು. 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ತಂಡಕ್ಕೆ, ಕೋಡಿನ ಬದಲಾವಣೆಗಳ ಲೆಕ್ಕ ಇಡಲು ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಬಳಕೆ ಕೈತಪ್ಪಿತು. ಈ ಕೆಲಸಕ್ಕೆ ಆಗ ಜಾಸ್ತಿ ಬಳಕೆಯಲ್ಲಿದ್ದದ್ದು ಸಿವಿಎಸ್ ಮತ್ತು ಸಬ್‌ವರ್ಷನ್. ಎರಡಕ್ಕೂ ಒಂದು ಕೇಂದ್ರ ಸರ್ವರ್ ಇರಲೇಬೇಕು. ಲಿನಕ್ಸ್‌ನವರಿಗೆ ಬೇಕಿದ್ದದ್ದು ಎಲ್ಲರ ಬಳಿಯೂ ಪೂರ್ತಿ ಇತಿಹಾಸ ಇರುವ, ವೇಗವಾದ ವ್ಯವಸ್ಥೆ. ಹಳೆಯದಕ್ಕೆ ಪ್ಯಾಚ್ (ತೇಪೆ) ಹಾಕಿದರೆ ಇದು ಬರುವಂಥದ್ದಲ್ಲ. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಎಂಬ ಹೊಸ ವ್ಯವಸ್ಥೆ ಬರೆಯಲು ಕೂತರು. ಒಂದು ವಾರದೊಳಗೆ ಗಿಟ್‌ನ ಕೋಡ್ ಗಿಟ್‌ನಲ್ಲೇ ಇತ್ತು, ಜೂನ್‌ನಲ್ಲಿ ಲಿನಕ್ಸ್ 2.6.12 ಕೂಡ ಅದರಿಂದಲೇ ಹೊರಬಂತು.

ಅಷ್ಟು ಬೇಗ ಆಗಿದ್ದು ಹೇಗೆ? ಬರೆಯಬೇಕಾದ್ದನ್ನು ಮಾತ್ರ ಬರೆದರು. ಫೈಲ್ ಕುಗ್ಗಿಸಲು ಆಗಲೇ ಇದ್ದ ಝಡ್‌ಲಿಬ್, ಹ್ಯಾಶ್ (ಫೈಲ್‌ನ ಗುರುತಿನ ಸಂಖ್ಯೆ) ಲೆಕ್ಕ ಹಾಕಲು ಓಪನ್‌ಎಸ್‌ಎಸ್‌ಎಲ್, ವ್ಯತ್ಯಾಸ ತೋರಿಸಲು ಹಳೇ ಡಿಫ್ ಪ್ರೋಗ್ರಾಂ.