ಪದ ಪರಿಚಯ: ಸ್ಕ್ಯಾನ್ ಮಾಡಲಾಗದ ಕ್ಯೂಆರ್

ಕುಂಬಳೆ ಪೇಟೆಯ ಚಾದಂಗಡಿ. ಕೇಂದ್ರದ ಒಂದು ಪಡೆಯಲ್ಲಿ ಡ್ರೈವರಾಗಿದ್ದು ಪೆನ್ಶನ್ ಬಂದ ನೆರೆಮನೆಯ ಅಣ್ಣ ಹಳೇ ಕಥೆ ಹೇಳುತ್ತಿದ್ದರು: "ನಮ್ಮ ಗಾಡಿಯ ಕ್ಯೂಆರ್ ಬರೆದವ ಪಿಸ್ತೂಲಿನ ಬೆಲ್ಟ್ ಕಟ್ಟಿಕೊಂಡು ಅದರಲ್ಲಿ ಕೂತು ನೋಡಿಯೇ ಇಲ್ಲ ಮಾರಾಯ." ನನ್ನ ಕಣ್ಣು ಹೋದದ್ದು ಗಲ್ಲಾದ ಮುಂದೆ ಅಂಟಿಸಿದ ಕಪ್ಪುಬಿಳಿ ಚೌಕಕ್ಕೆ. ಅವರು ನಕ್ಕರು. "ಅದಲ್ಲ ಇದು."

ಇವರ ಕ್ಯೂಆರ್ ಎಂದರೆ ಕ್ವಾಲಿಟೇಟಿವ್ ರಿಕ್ವೈರ್‌ಮೆಂಟ್. ಪೊಲೀಸರು ಕೊಳ್ಳುವ ವಸ್ತು ಏನೇನು ಮಾಡಬೇಕು, ಎಷ್ಟು ತೂಗಬೇಕು, ಎಷ್ಟು ತಡೆದುಕೊಳ್ಳಬೇಕು ಎಂದು ಟೆಂಡರಿಗೆ ಮೊದಲೇ ಬರೆದಿಡುವ ಕಾಗದ. ಅದನ್ನು ಪರೀಕ್ಷಿಸುವ ಬಗೆಯನ್ನು ಹೇಳುವ ಜೊತೆ ಕಾಗದಕ್ಕೆ ಟ್ರಯಲ್ ಡೈರೆಕ್ಟಿವ್ ಎನ್ನುತ್ತಾರೆ. ನಮ್ಮಲ್ಲಿ ಈ ಕೆಲಸದ ಮುಖ್ಯ ಕೇಂದ್ರ, 1970ರಲ್ಲಿ ಗೃಹ ಸಚಿವಾಲಯದಡಿ ಹುಟ್ಟಿದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ. "ಗಟ್ಟಿ ಇರಬೇಕು", "ಹಗುರ ಇರಬೇಕು" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ, ಅಳೆಯಲು ಬರುವಂತೆ ಬರೆಯಬೇಕು. ತೀರಾ ಬಿಗಿಯಾಗಿ ಬರೆದರೆ ಒಂದೇ ಕಂಪನಿ ಉಳಿಯುತ್ತದೆ, ಸಡಿಲ ಬಿಟ್ಟರೆ ಅಗ್ಗದ ಸರಕು ಬಂದು ಬೀಳುತ್ತದೆ.

ಅಮೆರಿಕದಲ್ಲಿ ಇದೇ ಕೆಲಸ ಕಾಗದದಾಚೆಗೂ ಹೋಗಿದೆ. ಅಲ್ಲಿನ ಪದ ಪೊಲೀಸ್ ಪ್ಯಾಕೇಜ್, ಅಂದರೆ ಕಾರ್ಖಾನೆಯಿಂದಲೇ ಪೊಲೀಸರಿಗಾಗಿ ಬದಲಾಗಿ ಬರುವ ಕಾರು. ಫೋರ್ಡ್ ಪೊಲೀಸರದ್ದೇ ಒಂದು ಸಲಹಾ ಮಂಡಳಿ ಇಟ್ಟುಕೊಂಡಿದೆ. ಪೊಲೀಸರು ಬಳಸುತ್ತಿದ್ದ ಅದರ ಹಳೇ ಕಾರು ಕ್ರೌನ್ ವಿಕ್ಟೋರಿಯಾದ ತಯಾರಿಕೆ 2011ರಲ್ಲಿ ನಿಂತು, ಅದರದ್ದೇ ಎಸ್‌ಯುವಿ ಎಕ್ಸ್‌ಪ್ಲೋರರ್ ಆಧಾರಿತ ಪೊಲೀಸ್ ಗಾಡಿ ಬಂದಾಗ ಅದರ ಗೇರ್ ಹಿಡಿ ಸ್ಟಿಯರಿಂಗ್ ಕಂಬದ ಮೇಲೆಯೇ ಇತ್ತು. ಸೀಟುಗಳ ನಡುವಿನ ಜಾಗ ರೇಡಿಯೋಗೂ ಕಂಪ್ಯೂಟರಿಗೂ ಬೇಕಲ್ಲ! ಸೊಂಟದ ಪಿಸ್ತೂಲು ಒತ್ತದಂತೆ ಸೀಟಿನ ಬದಿ ತಗ್ಗಿಸಿದರು. ಹಿಂದಿನಿಂದ ಗಂಟೆಗೆ 75 ಮೈಲಿ, ಸುಮಾರು 120 ಕಿ.ಮೀ. ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿದರು. ಇದು ಸುಮ್ಮನೆ ಬಂದದ್ದಲ್ಲ. ರಸ್ತೆಬದಿ ನಿಂತಿದ್ದ ಕ್ರೌನ್ ವಿಕ್ಟೋರಿಯಾಗಳಿಗೆ ಹಿಂದಿನಿಂದ ಗಾಡಿ ಗುದ್ದಿ, ಟ್ಯಾಂಕಿಗೆ ಬೆಂಕಿ ಹತ್ತಿ ಪೊಲೀಸರು ಸತ್ತದ್ದುಂಟು.

ಮಿಷಿಗನ್ ರಾಜ್ಯ ಪೊಲೀಸರು ವರ್ಷವರ್ಷ ಹೊಸ ಗಾಡಿಗಳ ಬ್ರೇಕು, ವೇಗ, ತಿರುವು, ಕೂರುವ ಅನುಕೂಲ ಎಲ್ಲವನ್ನೂ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತಾರೆ. ಬೇರೆ ಊರಿನ ಪೊಲೀಸರು ಅದನ್ನು ನೋಡಿ ಕೊಳ್ಳುತ್ತಾರೆ. ಕಂಪನಿಗೆ ಇದಕ್ಕಿಂತ ದೊಡ್ಡ ಚಾಟಿ ಬೇಡ.

ನಮ್ಮಲ್ಲಿ ಹೆಚ್ಚಾಗಿ ಪೇಟೆಯಲ್ಲಿ ಸಿಗುವ ಗಾಡಿಯನ್ನೇ ಕೊಂಡು ಮೇಲೆ ದೀಪ, ಒಳಗೆ ವಯರ್‌ಲೆಸ್ ಕೂರಿಸುತ್ತಾರೆ. ಆದರೆ ಕಡಲಿನ ಕಥೆ ಬೇರೆ. 2005ರಲ್ಲಿ ಶುರುವಾದ ಕರಾವಳಿ ಭದ್ರತಾ ಯೋಜನೆಯ ಮೊದಲ ಹಂತದಲ್ಲಿ ಪೊಲೀಸರಿಗೆಂದೇ 5 ಟನ್, 12 ಟನ್ನಿನ 204 ಬೋಟುಗಳನ್ನು ಹಡಗುಕಟ್ಟೆಗಳಲ್ಲಿ ಕಟ್ಟಿಸಿದರು. ನಮ್ಮ ಶಿರಿಯ, ತಳಂಗರೆ ಕಡೆ ಕರಾವಳಿ ಪೊಲೀಸ್ ಠಾಣೆಗಳಿವೆ.

"ನಿಮ್ಮಲ್ಲಿ ಕೇಳಿದ್ದರೆ ಕ್ಯೂಆರಿನಲ್ಲಿ ಏನು ಬರೆಸುತ್ತಿದ್ದಿರಿ ಅಣ್ಣ?" ಎಂದೆ. ಅವರು ಬೆಂಚಿನ ಮೇಲೆ ತುಸು ಓರೆಯಾಗಿ, ಸೊಂಟದ ಬಳಿ ಬೆರಳು ಜೋಡಿಸಿ ತೋರಿಸಿದರು.

"ಇಲ್ಲಿ ನಾಲ್ಕು ಬೆರಳು ಜಾಗ." ಮತ್ತೆ ತಾವೇ ತಿದ್ದಿಕೊಂಡರು: "ಬೆರಳು ಅಂತ ಬರೆದರೆ ಆಗುವುದಿಲ್ಲ. ಎಪ್ಪತ್ತು ಮಿಲಿಮೀಟರ್ ಅಂತ ಬರಿ."