ಸೆಪ್ಟಿಕ್ ಟ್ಯಾಂಕ್ ಹೂಳು ತೆಗೆಸುವುದು: ಯಾವಾಗ, ಹೇಗೆ, ಏನೇನು ನೋಡಬೇಕು

ನೈರ್ಮಲ್ಯದ ಪಾಠದಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಒಂದು ಚಿತ್ರ, ಒಂದು ಸೂತ್ರ ಇರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಮನೆ ನಡೆಸುವವರಿಗೆ ಸಾಕಾಗುವುದಿಲ್ಲ. ಜೊತೆಗೆ ಓದುತ್ತಿರುವವರಿಗಾಗಿ ಆ ಉಳಿದ ಭಾಗವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಅದು ನಿಜವಾಗಿಯೂ ಟ್ಯಾಂಕೇ?

ನಮ್ಮ ಊರುಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದು ಜನ ತೋರಿಸುವುದು ಎಷ್ಟೋ ಸಲ ಬರೀ ಗುಂಡಿ. ಸಿಮೆಂಟ್ ರಿಂಗ್ ಇಳಿಸಿರುತ್ತಾರೆ ಅಥವಾ ಕಲ್ಲು ಕಟ್ಟಿರುತ್ತಾರೆ, ತಳಕ್ಕೆ ಕಾಂಕ್ರೀಟ್ ಇರುವುದಿಲ್ಲ. ನೀರು ತಳದಿಂದ, ಪಕ್ಕದಿಂದ ಮಣ್ಣಿಗೆ ಇಂಗುತ್ತದೆ. ಸೆಪ್ಟಿಕ್ ಟ್ಯಾಂಕ್ ಎಂದರೆ ಎಲ್ಲೂ ಸೋರದ ತೊಟ್ಟಿ. ಒಳಗೆ ಅಡ್ಡಗೋಡೆ, ಹೊರಗೆ ಹೋಗಲು ಒಂದು ಪೈಪ್, ಆಮೇಲೆ ಆ ನೀರು ಮಣ್ಣಿಗೆ ಇಂಗಲು ಬೇರೆಯೇ ಒಂದು ಇಂಗುಗುಂಡಿ. ಗೊತ್ತಾಗದಿದ್ದರೆ ನೀರಿನ ಮಟ್ಟ ಕೇಳಿ. ಬೇಸಿಗೆಯಲ್ಲಿ ಇಳಿದು ಮಳೆಗಾಲದಲ್ಲಿ ಏರುತ್ತಿದ್ದರೆ ಅದು ಗುಂಡಿ. ಒಳ್ಳೆ ಟ್ಯಾಂಕಿನಲ್ಲಿ ನೀರು ವರ್ಷವಿಡೀ ಹೊರಪೈಪಿನ ಮಟ್ಟದಲ್ಲೇ ನಿಂತಿರುತ್ತದೆ. ಹಾಗಾಗಿ "ನಮ್ಮ ಟ್ಯಾಂಕ್ ತುಂಬಿದೆ" ಎಂಬ ಮಾತಿಗೆ ಅರ್ಥವೇ ಇಲ್ಲ. ಅದು ಯಾವಾಗಲೂ ತುಂಬಿಯೇ ಇರುತ್ತದೆ. ಒಳಗೆ ಹೂಳು ಎಷ್ಟಿದೆ ಎಂಬುದೇ ಪ್ರಶ್ನೆ.

ಒಳಗೆ ಏನಾಗುತ್ತದೆ

ನೀರು ಒಂದೆರಡು ದಿನ ಅಲ್ಲಾಡದೆ ನಿಲ್ಲಬೇಕು, ಅಷ್ಟೇ. ಭಾರದ್ದು ತಳಕ್ಕೆ ಕೂರುತ್ತದೆ, ಅದು ಹೂಳು. ಎಣ್ಣೆ ಜಿಡ್ಡು ಮೇಲೆ ತೇಲಿ ದಪ್ಪ ಪದರ ಕಟ್ಟುತ್ತದೆ. ನಡುವೆ ಸ್ವಲ್ಪ ತಿಳಿಯಾದ ನೀರು. ಹೊರಪೈಪಿನ ಬಾಯಿಗೆ ಒಂದು ಟೀ, ಅಂದರೆ T ಆಕಾರದ ಪೈಪ್ ತುಂಡು ಹಾಕಿರುತ್ತಾರೆ. ಅದರ ಕೆಳತುದಿ ಈ ನಡುವಿನ ನೀರಿನಲ್ಲಿ ಮುಳುಗಿರುತ್ತದೆ. ಜಿಡ್ಡೂ ಹೋಗಬಾರದು, ಹೂಳೂ ಹೋಗಬಾರದು, ಅದಕ್ಕೇ ಆ ಟೀ. ಮೇಸ್ತ್ರಿ ಟೀ ಬಿಟ್ಟು ನೇರ ಪೈಪ್ ಕೊಟ್ಟಿದ್ದರೆ ಟ್ಯಾಂಕ್ ಎಷ್ಟು ದೊಡ್ಡದಿದ್ದರೂ ಪ್ರಯೋಜನ ಕಡಿಮೆ.

ತಳದ ಬ್ಯಾಕ್ಟೀರಿಯಾ ಹೂಳಿನ ಒಂದು ಭಾಗವನ್ನು ಕರಗಿಸುತ್ತವೆ. ಪೂರ್ತಿ ಕರಗಿಸುವುದಿಲ್ಲ. ಉಳಿದದ್ದು ವರ್ಷವರ್ಷ ಏರುತ್ತಾ ಬರುತ್ತದೆ. ಹೂಳು ಏರಿದಷ್ಟೂ ನೀರು ನಿಲ್ಲುವ ಜಾಗ ಕಡಿಮೆ. ಕೊನೆಗೆ ನೀರು ಕೂರಲು ಸಮಯವೇ ಸಿಗದೆ ಹೂಳಿನ ಜೊತೆಗೇ ಇಂಗುಗುಂಡಿಗೆ ಹರಿಯುತ್ತದೆ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ.

ಈ ಜಾಗವನ್ನು ಎರಡು ಸಲ ಓದಿ. ಮನೆಯೊಳಗೆ ಈ ಹೊತ್ತಿಗೆ ಏನೂ ಗೊತ್ತಾಗಿರುವುದಿಲ್ಲ. ಫ್ಲಶ್ ಸರಿಯಾಗಿಯೇ ಹೋಗುತ್ತಿರುತ್ತದೆ. ಕಮೋಡಿನಲ್ಲಿ ಗುಳುಗುಳು ಸದ್ದು, ನೀರು ನಿಧಾನಕ್ಕೆ ಇಳಿಯುವುದು, ಅಂಗಳದಲ್ಲಿ ವಾಸನೆ, ಇಂಗುಗುಂಡಿ ಹತ್ತಿರ ಒದ್ದೆ ನೆಲ, ಇವೆಲ್ಲ ಕಾಣಿಸುವ ಹೊತ್ತಿಗೆ ಇಂಗುಗುಂಡಿ ಆಗಲೇ ಕೆಟ್ಟಿರುತ್ತದೆ. ಆಗ ಟ್ಯಾಂಕ್ ಖಾಲಿ ಮಾಡಿಸಿದರೂ ಕೆಲವೇ ದಿನ ನೆಮ್ಮದಿ. ಕಟ್ಟಿಕೊಂಡ ಮಣ್ಣನ್ನು ಹೂಳು ಹೀರುವ ಲಾರಿ ಎಳೆದುಕೊಂಡು ಹೋಗುವುದಿಲ್ಲ ಅಲ್ವಾ? ಹೊಸ ಇಂಗುಗುಂಡಿಯೇ ತೋಡಿಸಬೇಕು. ಅದಕ್ಕೇ ತೊಂದರೆ ಬರಲಿ ಎಂದು ಕಾಯದೆ ಲೆಕ್ಕ ಹಾಕಿ ತೆಗೆಸಬೇಕು.

ಲೆಕ್ಕ

ವಿನ್ಯಾಸಕ್ಕೆ ಒಬ್ಬರಿಗೆ ವರ್ಷಕ್ಕೆ ಸುಮಾರು 75 ಲೀಟರ್ ಹೂಳು ಎಂದು ಹಿಡಿಯುತ್ತಾರೆ. 2 ಮೀಟರ್ ಉದ್ದ, 1 ಮೀಟರ್ ಅಗಲ, ನೀರಿನ ಆಳ 1 ಮೀಟರ್ ಇರುವ ಟ್ಯಾಂಕ್ ತೆಗೆದುಕೊಳ್ಳಿ. ಹಿಡಿಯುವುದು 2000 ಲೀಟರ್. ಹೂಳು, ಜಿಡ್ಡು ಸೇರಿ ಮೂರನೇ ಒಂದು ಭಾಗ ಆದಾಗ ತೆಗೆಸಬೇಕು ಎಂಬುದು ಸಾಮಾನ್ಯ ನಿಯಮ. ಅಂದರೆ ಸುಮಾರು 667 ಲೀಟರ್. ಮನೆಯಲ್ಲಿ ಐದು ಜನ ಇದ್ದರೆ ವರ್ಷಕ್ಕೆ 375 ಲೀಟರ್. ಎರಡು ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲೇ ಮಿತಿ ಮುಟ್ಟುತ್ತದೆ. ಈ 75 ಲೀಟರ್ ಸ್ವಲ್ಪ ಜಾಸ್ತಿಯೇ ಹಿಡಿದ ಸಂಖ್ಯೆ. ಎಷ್ಟೋ ಮನೆಗಳಲ್ಲಿ ಅಷ್ಟು ಕೂಡುವುದಿಲ್ಲ. 2-3 ವರ್ಷಕ್ಕೊಮ್ಮೆ ತೆಗೆಸಿ ಎಂದು ಮಾರ್ಗಸೂಚಿಗಳು ಹೇಳುವುದು ಹೀಗೆ. "ಹದಿನೈದು ವರ್ಷದಿಂದ ಮುಟ್ಟೇ ಇಲ್ಲ, ಏನೂ ಆಗಿಲ್ಲ" ಎನ್ನುವವರ ಟ್ಯಾಂಕ್ ಸೋರುತ್ತಿರುತ್ತದೆ, ಇಲ್ಲವೇ ಹೂಳು ಎಲ್ಲಿಗೋ ಹೋಗುತ್ತಿರುತ್ತದೆ. ಮನೆಯ ಬಾವಿ ಹತ್ತಿರದಲ್ಲಿದ್ದರೆ ಅದು ಸಣ್ಣ ವಿಷಯ ಅಲ್ಲ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್ ಅಂತರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ 2470. ಕರಾವಳಿಯಲ್ಲಿ ಪ್ರತಿ ಕಾಂಪೌಂಡಿನೊಳಗೂ ಒಂದು ಬಾವಿ. ಐದಾರು ಸೆಂಟ್ಸ್ ಜಾಗದಲ್ಲಿ ಈ ಅಂತರ ಸಿಗುವುದು ಕಷ್ಟ.

ಅಳೆದು ನೋಡಬೇಕೆಂದರೆ ಬಿದಿರಿನ ಗಳುವಿನ ತುದಿಗೆ ಹಳೇ ಬಿಳಿ ಟವೆಲ್ ಸುತ್ತಿ ತಳ ಮುಟ್ಟುವವರೆಗೆ ನಿಧಾನ ಇಳಿಸುತ್ತಾರೆ. ಕೆಲವು ನಿಮಿಷ ಬಿಟ್ಟು ಎತ್ತಿದರೆ ಬಟ್ಟೆ ಕಪ್ಪಾದಷ್ಟು ಎತ್ತರ ಹೂಳು. ಇದಕ್ಕಾಗಿ ದೊಡ್ಡ ಮುಚ್ಚಳ ಎತ್ತಬೇಡಿ. ಹೊಸದಾಗಿ ಕಟ್ಟಿಸುವಾಗಲೇ ಸ್ಲ್ಯಾಬಿನಲ್ಲಿ ನಾಲ್ಕಿಂಚಿನ ಪೈಪ್ ಕೂರಿಸಿ, ಕ್ಯಾಪ್ ಹಾಕಿಸಿಡಿ. ಬಗ್ಗಿ ನೋಡುವುದು, ಬೀಡಿ ಸಿಗರೇಟು ಯಾವುದೂ ಅಲ್ಲಿ ಬೇಡ.

ಗಾಡಿ ಬಂದ ದಿನ

ತೆಗೆಸಲು ಒಳ್ಳೆ ಕಾಲ ಸಂಕ್ರಾಂತಿ ಕಳೆದ ಮೇಲೆ, ಮಳೆ ಶುರುವಾಗುವ ಮೊದಲು. ನೆಲ ಗಟ್ಟಿಯಾಗಿರುತ್ತದೆ, ಲಾರಿ ಹೂತುಕೊಳ್ಳುವುದಿಲ್ಲ. ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬಂದಿರುತ್ತದೆ. ಆಗ ಟ್ಯಾಂಕ್ ಖಾಲಿ ಮಾಡಿದರೆ ಹೊರಗಿನ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಪ್ಲಾಸ್ಟಿಕ್, ಫೈಬರ್ ಟ್ಯಾಂಕ್‌ಗಳು ಎದ್ದು ಪೈಪ್ ಮುರಿಯುತ್ತವೆ. ಯಾವ ಕಾಲದಲ್ಲೇ ಆಗಲಿ, ಖಾಲಿ ಮಾಡಿದ ಮೇಲೆ ಟ್ಯಾಂಕಿಗೆ ನೀರು ತುಂಬಿಸಿ.

ಪಂಪ್ ಶುರು ಮಾಡುವ ಮೊದಲು ನೀರಿನ ಮಟ್ಟ ಎಲ್ಲಿದೆ ಎಂದು ಗಾಡಿಯವರನ್ನು ಕೇಳಿ. ಹೊರಪೈಪಿನ ಮಟ್ಟಕ್ಕೆ ಸರಿಯಾಗಿದ್ದರೆ ಎಲ್ಲ ಚೆನ್ನಾಗಿದೆ. ಅದಕ್ಕಿಂತ ಮೇಲಿದ್ದರೆ ಪೈಪ್ ಕಟ್ಟಿದೆ ಅಥವಾ ಇಂಗುಗುಂಡಿ ನೀರು ಹೀರುತ್ತಿಲ್ಲ. ಕೆಳಗಿದ್ದರೆ ಟ್ಯಾಂಕ್ ಬಿರುಕು ಬಿಟ್ಟಿದೆ. ಆಮೇಲೆ, ಪಂಪ್ ಓಡುತ್ತಿರುವಾಗ ಹೊರಪೈಪಿನ ಬಾಯಿಯನ್ನೇ ಗಮನಿಸಲು ಹೇಳಿ. ಟ್ಯಾಂಕಿನ ನೀರು ಇಳಿಯುತ್ತಿದ್ದಂತೆ ಆ ಪೈಪಿನಿಂದ ನೀರು ವಾಪಸ್ ಸುರಿಯತೊಡಗಿದರೆ, ಅದು ಇಂಗುಗುಂಡಿಯಲ್ಲಿ ನಿಂತಿದ್ದ ನೀರು. ಇಂಗುಗುಂಡಿಯ ಆರೋಗ್ಯ ತಿಳಿಯಲು ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಖರ್ಚೂ ಇಲ್ಲ. ಎರಡು ನಿಮಿಷದಲ್ಲಿ ಮುಗಿದುಹೋಗುವುದರಿಂದ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ.

ಎರಡೂ ಚೇಂಬರಿನ ಮುಚ್ಚಳ ತೆಗೆಸಿ. ಒಂದೇ ಕಡೆ ಪೈಪ್ ಇಳಿಸಿ ಮೇಲಿನ ನೀರನ್ನಷ್ಟೇ ಎಳೆದುಕೊಂಡು ಹೊರಡುವವರಿದ್ದಾರೆ. ತಳದ ಗಟ್ಟಿ ಹೂಳು ಹಾಗೇ ಉಳಿದಿರುತ್ತದೆ. ನೀರು ಬಿಟ್ಟು ಕಲಕಿ ಎಳೆಯಬೇಕು. ಆದರೆ ಗೋಡೆ ಉಜ್ಜಿ ತೊಳೆಯುವುದು ಬೇಡ. ತಳದಲ್ಲಿ ಸ್ವಲ್ಪ ಹಳೇ ಹೂಳು ಉಳಿದರೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಗಾಳಿಕೊಳವೆಯ ಜಾಲರಿ ಹರಿದಿದ್ದರೆ ಅವತ್ತೇ ಹಾಕಿಸಿ, ಇಲ್ಲದಿದ್ದರೆ ಸೊಳ್ಳೆಗೆ ಅದೇ ಮನೆ.

ಯಾರೂ ಒಳಗೆ ಇಳಿಯಬಾರದು

ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಕಾರ್ಬನ್ ಡೈಆಕ್ಸೈಡ್ ಇರುತ್ತವೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ ಎಂದು ಓದಿದ್ದೇವೆ. ಜಾಸ್ತಿಯಾದಾಗ ಅದು ಮೂಗನ್ನೇ ಮಂಕು ಮಾಡುತ್ತದೆ ಎಂಬುದನ್ನೂ ನೆನಪಿಡಬೇಕು. ವಾಸನೆ ಹೋಯಿತು ಎಂದರೆ ಅಪಾಯ ಹೋಯಿತು ಎಂದಲ್ಲ. ಅದು ಹೂಳಿನೊಳಗೆ ಸಿಕ್ಕಿಕೊಂಡಿರುತ್ತದೆ, ಕಾಲಿಟ್ಟು ಕಲಕಿದ ಕ್ಷಣ ಒಮ್ಮೆಲೇ ಹೊರಬರುತ್ತದೆ. ಮುಚ್ಚಳ ತೆಗೆದು ಗಂಟೆಗಟ್ಟಲೆ ಬಿಟ್ಟಿದ್ದೆವು ಎನ್ನುವುದು ಅದಕ್ಕೇ ರಕ್ಷಣೆ ಅಲ್ಲ. ದೀಪ ಇಳಿಸಿ ನೋಡುವ ಹಳೇ ರೂಢಿ ಇನ್ನೂ ಕೆಟ್ಟದ್ದು. ಮೀಥೇನ್ ಹತ್ತಿಕೊಳ್ಳಬಹುದು, ವಿಷಗಾಳಿ ಇದೆಯೋ ಇಲ್ಲವೋ ದೀಪ ಹೇಳುವುದಿಲ್ಲ. ಒಬ್ಬರು ಬಿದ್ದಾಗ ಎತ್ತಲು ಇಳಿದ ಇನ್ನೊಬ್ಬರು, ಅವರ ಹಿಂದೆ ಮೂರನೆಯವರು ಸತ್ತ ಸುದ್ದಿ ನಾವೆಲ್ಲ ಓದುತ್ತಲೇ ಇರುತ್ತೇವೆ. ಯಾರಾದರೂ ಬಿದ್ದರೆ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಯಾರನ್ನಾದರೂ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ಯಜಮಾನರಿಗೂ ಇದು ಅನ್ವಯಿಸುತ್ತದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊದಲ ತೀರ್ಪಿಗೆ ಕಾರಣವಾದ, ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನವನ್ನು ಮುನ್ನಡೆಸಿದ ಬೆಜವಾಡ ವಿಲ್ಸನ್ ನಮ್ಮ ಕೆ.ಜಿ.ಎಫ್.ನವರು. ಗಾಡಿ ಕರೆಸಿದರೆ ಜಾಸ್ತಿ ದುಡ್ಡು, ಇಬ್ಬರು ಕೂಲಿಯವರು ಕಡಿಮೆಗೆ ಬರ್ತಾರೆ ಎಂಬ ಮಾತು ಈಗಲೂ ಕೇಳುತ್ತದೆ. ಆ ಉಳಿತಾಯ ಯಾರ ಜೀವದ ಮೇಲೆ ಎಂದು ಯೋಚಿಸಿ.

ಸ್ಲ್ಯಾಬಿನ ಮೇಲೂ ಕಣ್ಣಿರಲಿ. ಟ್ಯಾಂಕಿನ ಹೈಡ್ರೋಜನ್ ಸಲ್ಫೈಡ್ ತೇವದೊಂದಿಗೆ ಸೇರಿ ಆಮ್ಲವಾಗಿ ಕಾಂಕ್ರೀಟನ್ನು ಒಳಗಿನಿಂದ ತಿನ್ನುತ್ತದೆ. ಹಳೇ ಸ್ಲ್ಯಾಬ್ ಮೇಲೆ ಕಾರು ನಿಲ್ಲಿಸಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ.

ಏನು ಹಾಕಬಾರದು, ಏನು ಬೇಕಿಲ್ಲ

ಪ್ಯಾಡ್, ಡೈಪರ್, ಕೂದಲು, ಕರಿದ ಎಣ್ಣೆ, ಯಾವುದೂ ಬೇಡ. ಆಸಿಡ್, ಫಿನಾಯಿಲ್ ಮಿತಿಯಲ್ಲಿರಲಿ, ಬಕೆಟ್‌ಗಟ್ಟಲೆ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಸಗಣಿ, ಬೆಲ್ಲ, ಯೀಸ್ಟ್, ಅಂಗಡಿಯ ಪುಡಿಗಳು ಸುಮ್ನೆ ಖರ್ಚು. ಬೇಕಾದ ಬ್ಯಾಕ್ಟೀರಿಯಾ ಮಲದ ಜೊತೆಗೇ ದಿನಾ ಬರುತ್ತವೆ. ಬಚ್ಚಲ ನೀರು, ಬಟ್ಟೆ ಒಗೆದ ನೀರನ್ನು ತೆಂಗಿನ ಬುಡಕ್ಕೆ ಬಿಡುವ ರೂಢಿ ಮುಂದುವರಿಯಲಿ, ಟ್ಯಾಂಕಿಗೆ ಅಷ್ಟು ಹೊರೆ ಕಡಿಮೆ. ಫ್ಲಶ್ ಸೋರುತ್ತಿದ್ದರೆ ಇವತ್ತೇ ಸರಿಮಾಡಿಸಿ. ಹನಿಹನಿ ನೀರು ಹಗಲೂ ರಾತ್ರಿ ಹರಿದು ಟ್ಯಾಂಕಿಗೂ ಇಂಗುಗುಂಡಿಗೂ ಬಿಡುವೇ ಕೊಡುವುದಿಲ್ಲ.

ಲೋಡ್ ಎಲ್ಲಿಗೆ ಹೋಗುತ್ತದೆ

ದುಡ್ಡು ಕೊಡುವ ಮುಂಚೆ ಇದನ್ನು ಕೇಳಿ. ಕೆರೆಗೆ, ಚರಂಡಿಗೆ, ರಸ್ತೆ ಪಕ್ಕದ ಹಳ್ಳಕ್ಕೆ ಸುರಿಯುವವರು ಇದ್ದಾರೆ. ಬೆಂಗಳೂರಿನ ಸುತ್ತ ಕೆಲವು ರೈತರು ತೋಟಕ್ಕೆ ಹಾಕಿಸಿಕೊಳ್ಳುತ್ತಾರೆ. ಗೊಬ್ಬರದ ಸತ್ವ ಅದರಲ್ಲಿ ನಿಜವಾಗಿಯೂ ಇದೆ. ಆದರೆ ಹಸಿ ಹೂಳಿನಲ್ಲಿ ಜಂತುಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲಹೂಳು ಸಂಸ್ಕರಣಾ ಘಟಕ ದೇಶದಲ್ಲೇ ಮೊದಮೊದಲಿನವುಗಳಲ್ಲಿ ಒಂದು. ಅಲ್ಲಿ ಲಾರಿಯ ಹೂಳನ್ನು ಒಣಹಾಸುಗಳ ಮೇಲೆ ಒಣಗಿಸಿ, ಊರಿನ ಹಸಿಕಸದ ಜೊತೆ ಕಾಂಪೋಸ್ಟ್ ಮಾಡುವ ಏರ್ಪಾಡಿದೆ. ಕಾಂಪೋಸ್ಟಿನ ಬಿಸಿಗೆ ಆ ಮೊಟ್ಟೆಗಳು ಸಾಯುತ್ತವೆ. ನಿಮ್ಮ ಪುರಸಭೆಗೆ ಅಥವಾ ಪಂಚಾಯಿತಿಗೆ ಹೋಗಿ ಹತ್ತಿರದ ಘಟಕ ಯಾವುದು, ಪರವಾನಗಿ ಇರುವ ಗಾಡಿಗಳು ಯಾವುವು ಎಂದು ವಿಚಾರಿಸಿ, ಆಮೇಲೆ ಗಾಡಿ ಗೊತ್ತುಮಾಡಿ. ತೆಗೆಸಿದ ತಾರೀಕನ್ನು ಅವತ್ತೇ ಮೀಟರ್ ಬೋರ್ಡಿನ ಮುಚ್ಚಳದ ಒಳಗೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ.